ಕೋತಿ ಕೆಡವಿದ ಏರಿಯಲ್

ನನಗೆ ಗಂಡು ಗೊತ್ತು ಮಾಡುವಾಗ, ಹುಡುಗನಿಗೆ ಒಂದು ಹುಚ್ಚಿದೆ ಎಂಬ ಸುದ್ದಿ ಜಾತಕಕ್ಕಿಂತ ಮೊದಲೇ ನಮ್ಮ ಮನೆ ಮುಟ್ಟಿತ್ತು. ಸುದ್ದಿ ತಂದವರು ವಕ್ಕಲೇರಿಯ ದೂರದ ನೆಂಟರು. "ಹುಡುಗ ಒಳ್ಳೆಯವನೇ, ಕೋಲಾರದಲ್ಲಿ ಸೈನ್ಸ್ ಮೇಷ್ಟ್ರು. ಆದ್ರೆ ಸ್ಕೂಲಿಂದ ಬಂದೋನೇ ಕೋಣೆ ಸೇರ್ಕೊಂಡು, ಕಿವಿಗೆ ಏನೋ ಸಿಗಿಸ್ಕೊಂಡು, ಕಟಕಟ ಅಂತ ಕುಟ್ತಾ ಕೂತ್ಕೋತಾನಂತೆ. ಎದುರಿಗೆ ಯಾರೂ ಇರಲ್ವಂತೆ," ಎಂದರು, ದನಿ ತಗ್ಗಿಸಿ.

ನಮ್ಮ ತಂದೆ ಮಾಲೂರಿನ ರೈಲ್ವೆ ಸ್ಟೇಷನ್ನಿನಲ್ಲಿ ತಂತಿ ಕಳಿಸುವ ಕೆಲಸದಲ್ಲಿದ್ದರು. ಅವರು ಜೋರಾಗಿ ನಕ್ಕುಬಿಟ್ಟರು. "ಕುಟ್ಟೋದೇ ಹುಚ್ಚು ಅನ್ನೋದಾದ್ರೆ ಮೊದಲು ನನ್ನನ್ನ ಹಿಡ್ಕೊಂಡು ಹೋಗ್ಬೇಕು. ಆಮೇಲೆ ನನ್ನ ಮಗಳನ್ನ."

ಅದು ನಿಜ. ಸ್ಟೇಷನ್ನಿನ ಹಿಂದೆಯೇ ನಮ್ಮ ಕ್ವಾರ್ಟರ್ಸು. ಅಪ್ಪ ಹಳೆಯ ತಂತಿ ಯಂತ್ರವೊಂದನ್ನು ಹಲಗೆಗೆ ಬಡಿದು ಮನೆಯಲ್ಲಿಟ್ಟಿದ್ದರು. ಬೇರೆ ಮಕ್ಕಳು ಅಳಗುಳಿಮಣೆ ಆಡುವಾಗ ನಾನು ಅದರ ಮೇಲೆ ಮೋರ್ಸ್ ಕಲಿತೆ. ಒಂದು ಚುಕ್ಕೆ, ಒಂದು ಗೀಟು, ಎರಡೂ ಸೇರಿ ಒಂದು ಅಕ್ಷರ. ಮಗಳಿಗೆ ಇದೇಕೆ ಎಂದು ಯಾರಾದರೂ ಕೇಳಿದರೆ ಅಪ್ಪ, "ಮನೇಲಿ ಮಾತಾಡೋಕೆ ನಂಗೂ ಒಬ್ಬರು ಬೇಕಲ್ಲ," ಎನ್ನುತ್ತಿದ್ದರು.

ಹೆಣ್ಣು ನೋಡಲು ಬಂದ ದಿನ ಹುಡುಗನಿಗೆ ಈ ವಿಷಯ ಯಾರೋ ಹೇಳಿದ್ದರು. ನಾನು ಕಾಫಿ ಕೊಟ್ಟು ಗೋಡೆಯ ಪಕ್ಕ ಕುಳಿತೆ. ಹಿರಿಯರು ರಾಗಿ ಬೆಳೆ, ಮಳೆ ಎಂದು ಮಾತಾಡುತ್ತಿದ್ದಾಗ, ಹುಡುಗ ಖಾಲಿ ಲೋಟದ ಮೇಲೆ ಉಗುರಿನಿಂದ ಏನೋ ಬಡಿಯತೊಡಗಿದರು. ಕಿವಿಗೊಟ್ಟೆ. ಚುಕ್ಕೆ ಯಾವುದು, ಗೀಟು ಯಾವುದು ಎಂದೇ ತಿಳಿಯದಷ್ಟು ಅವಸರ. ನಾನು ನೆಲದ ಮೇಲೆ ಬಳೆಯನ್ನು ತಟ್ಟಿ ಇಂಗ್ಲಿಷಿನಲ್ಲಿ 'ಇನ್ನೊಮ್ಮೆ' ಎಂದೆ. ಅವರು ಇನ್ನೊಮ್ಮೆ ಬಡಿದರು. ಮತ್ತೆ 'ಇನ್ನೊಮ್ಮೆ, ನಿಧಾನವಾಗಿ' ಎಂದೆ. ಮೂರನೆಯ ಸಲಕ್ಕೆ ಅರ್ಥವಾಯಿತು. 'ನಿಮಗೆ ಒಪ್ಪಿಗೆಯೇ?' ಎಂದು ಕೇಳುತ್ತಿದ್ದರು. ನಾನು ಹೂಂ ಎಂದು ತಟ್ಟಿದೆ. ನಮ್ಮ ಸೋದರತ್ತೆ ಮಾತ್ರ, "ಪಾಪ, ಹುಡುಗಂಗೆ ಕೈ ನಡುಗ್ತಿದೆ, ಹುಡುಗೀಗೂ ನಡುಗ್ತಿದೆ," ಎಂದು ಮರುಕಪಟ್ಟರು.

ಮದುವೆಯಾದದ್ದು ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಬೇಸಿಗೆಯಲ್ಲಿ. ನಮ್ಮವರ ಹವ್ಯಾಸವೇನು ಎಂಬುದು ಆಗ ಸರಿಯಾಗಿ ತಿಳಿಯಿತು. ಸರ್ಕಾರದಿಂದ ಲೈಸೆನ್ಸ್ ಪಡೆದು, ತಾವೇ ಕಟ್ಟಿದ ಯಂತ್ರದಿಂದ ಮೋರ್ಸ್ ಕಳಿಸಿ, ಪ್ರಪಂಚದ ಬೇರೆ ಮೂಲೆಯಲ್ಲಿ ತಮ್ಮ ಹಾಗೇ ಕುಳಿತಿರುವವರನ್ನು ಮಾತಾಡಿಸುವುದು. ಇದರಿಂದ ಲಾಭವೇನು ಎಂದು ಕೇಳಿದರೆ ಉತ್ತರವಿಲ್ಲ. ಸಂಕ್ರಾಂತಿಗೆ ಎಳ್ಳು ಬೀರುವುದರಿಂದ ಏನು ಲಾಭ?

ನಾನು ಅದನ್ನು ಕಣ್ಣಾರೆ ನೋಡಿದ್ದು ಸ್ವಲ್ಪ ಕಾಲ ಮಾತ್ರ. ಯುದ್ಧ ಶುರುವಾಗುತ್ತಲೇ ಹವ್ಯಾಸಿಗಳೆಲ್ಲ ಬಾಯಿ ಮುಚ್ಚಬೇಕೆಂದು ಹುಕುಂ ಬಂತು. ಟ್ರಾನ್ಸ್‌ಮಿಟರನ್ನು ಸರ್ಕಾರಕ್ಕೆ ಒಪ್ಪಿಸಿ ಬಂದ ದಿನ ನಮ್ಮವರು ಊಟ ಮಾಡಲಿಲ್ಲ. ಆದರೆ ಮೋರ್ಸ್ ನಿಲ್ಲಲಿಲ್ಲ. ಅದು ನಮ್ಮ ಮನೆಯೊಳಗೇ ನಡೆಯಿತು. ನಮ್ಮ ಅತ್ತೆ ರಾಯಲ್ಪಾಡಿನ ಕಡೆಯವರು, ಅರ್ಧ ತೆಲುಗು, ಅರ್ಧ ಕನ್ನಡ, ಮನಸ್ಸು ಬೆಣ್ಣೆ. ಆದರೆ ಅವರೆದುರು ಗಂಡಹೆಂಡಿರು ನಗುತ್ತ ಮಾತಾಡುವ ಕಾಲ ಅದಲ್ಲ. ನಾನು ಅಡುಗೆಮನೆಯಲ್ಲಿ ಸೌಟಿನಿಂದ ಪಾತ್ರೆಗೆ ತಟ್ಟುವುದು, ನಮ್ಮವರು ಹಜಾರದಲ್ಲಿ ಪೆನ್ಸಿಲಿನಿಂದ ಮೇಜಿಗೆ ತಟ್ಟುವುದು. ಸಾರಿಗೆ ಉಪ್ಪು ಹೆಚ್ಚು, ಸಂಜೆ ಬೆಟ್ಟದ ಕಡೆ ಹೋಗೋಣವೇ, ಹೀಗೆ. ಈ ಕಚೇರಿಯನ್ನು ಅತ್ತೆ ವರ್ಷಗಟ್ಟಲೆ ಕೇಳಿಸಿಕೊಂಡು, ಒಂದು ದಿನ ಕೊತ್ತಂಬರಿ ಬಿಡಿಸುತ್ತ ಹೇಳಿದರು: "ಅಮ್ಮಾಯಿ, ನಾನು ಬೇಕಾದ್ರೆ ಹಿತ್ತಲಿಗೆ ಹೋಗ್ತೀನಿ. ನೀವಿಬ್ಬರೂ ಬಾಯಲ್ಲೇ ಮಾತಾಡ್ಕೊಳ್ಳಿ. ಪಾತ್ರೆ ಎಲ್ಲ ಸೊಟ್ಟಗಾಗ್ತಿವೆ."

ಯುದ್ಧ ಮುಗಿದು ಲೈಸೆನ್ಸ್ ಮತ್ತೆ ಕೊಡಲು ಶುರುಮಾಡಿದಾಗ ನಮ್ಮವರ ಮುಖಕ್ಕೆ ಕಳೆ ಬಂತು. ಮಿಲಿಟರಿಯವರು ಮಾರಿದ ಹಳೆಯ ರಿಸೀವರೊಂದನ್ನು ಬೆಂಗಳೂರಿನ ಗುಜರಿಯಲ್ಲಿ ಹುಡುಕಿ, ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದರು. ಟ್ರಾನ್ಸ್‌ಮಿಟರನ್ನು ಹೊಸದಾಗಿ ಕಟ್ಟಿದರು. "ನೀನೂ ಪರೀಕ್ಷೆ ಕಟ್ಟೇ. ನಿನ್ನ ಕೈ ನಂದಕ್ಕಿಂತ ಚೆನ್ನಾಗಿದೆ," ಎಂದು ನನ್ನನ್ನೂ ಹುರಿದುಂಬಿಸಿದರು. ವಾಲ್ವು, ಕಾಯಿಲ್, ಕಂಡೆನ್ಸರ್ ಎಂದು ಕಲಿಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಪರೀಕ್ಷೆಯ ದಿನ ಅಲ್ಲಿದ್ದ ಅಧಿಕಾರಿ ಕುರ್ಚಿ ಎಳೆದು ನಮ್ಮವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಬಿಟ್ಟರು. "ನಾನಲ್ಲ ಸಾರ್, ಇವರು," ಎಂದು ಅವರು ಎದ್ದು ನಿಂತಾಗ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಪರೀಕ್ಷೆ ಪಾಸಾಯಿತು.

ಈಗ ಸ್ಪರ್ಧೆಯ ವಿಷಯ.

ವರ್ಷಕ್ಕೊಮ್ಮೆ, ಅವರೆಕಾಯಿ ಬರತೊಡಗುವ ಕಾಲಕ್ಕೆ, ಪ್ರಪಂಚದ ಹವ್ಯಾಸಿಗಳೆಲ್ಲ ಶನಿವಾರ, ಭಾನುವಾರ ಸೇರಿಸಿ ಒಂದು ಪಂದ್ಯ ಆಡುತ್ತಿದ್ದರು. ಆಟ ಸುಲಭ. ಎಷ್ಟು ಜನರನ್ನು ಮಾತಾಡಿಸಿದಿರಿ ಎನ್ನುವುದಕ್ಕೆ ಅಂಕ, ಎಷ್ಟು ದೇಶ ಮುಟ್ಟಿದಿರಿ ಎನ್ನುವುದರಿಂದ ಆ ಅಂಕಕ್ಕೆ ಗುಣಾಕಾರ. ಮಾತು ಎಂದರೆ ಹೆಚ್ಚೇನಿಲ್ಲ. ನಿನ್ನ ಸದ್ದು ನನಗೆ ಎಷ್ಟು ಸ್ಪಷ್ಟ, ಇದು ನನ್ನ ಎಷ್ಟನೆಯ ಮಾತುಕತೆ ಎಂದು ಒಂದು ಸಂಖ್ಯೆ ಕೊಡಬೇಕು. ಅವರೂ ಹಾಗೇ ಕೊಡಬೇಕು. ಎರಡೂ ಕಡೆ ಸರಿಯಾಗಿ ಮುಟ್ಟಿದರೆ ಮಾತ್ರ ಲೆಕ್ಕ. ಒಂದೇ ಬ್ಯಾಂಡಿನಲ್ಲಿ, ಅಂದರೆ ಒಂದೇ ತರಂಗಗಳ ಪಟ್ಟಿಯಲ್ಲಿ, ಒಬ್ಬರನ್ನು ಎರಡು ಸಲ ಮಾತಾಡಿಸಿದರೆ ಎರಡನೆಯದು ದಂಡ. ಆಮೇಲೆ ನಮಗೆ ಮುಖ್ಯವಾದ ಇನ್ನೊಂದು ನಿಯಮ: ಒಬ್ಬನೇ ಆಡುವವನಿಗೆ ಬೇರೆ ವಿಭಾಗ, ಇಬ್ಬರು ಮೂವರು ಸೇರಿ ಆಡುವವರಿಗೆ ಬೇರೆ ವಿಭಾಗ. ಒಬ್ಬನೇ ಎಂದು ಬರೆಯುವವನು ಯಾರಿಂದಲೂ, ಕಿವಿಮಾತಿನಷ್ಟೂ ಸಹಾಯ ಪಡೆಯಬಾರದು.

ಮೊದಲ ವರ್ಷ ನಮ್ಮವರು ಒಬ್ಬರೇ ಆಡುವುದೆಂದು ತೀರ್ಮಾನವಾಯಿತು. ನಮ್ಮ ಮನೆ ಕೋಲಾರದಲ್ಲಿ, ಬೆಟ್ಟದ ತಪ್ಪಲಿಗೆ ಹತ್ತಿರ. ಹಿತ್ತಲ ಹುಣಸೆಮರದಿಂದ ತಾರಸಿಯ ಬಿದಿರುಗಳದವರೆಗೆ ತಾಮ್ರದ ತಂತಿ ಎಳೆದು ಏರಿಯಲ್ ಕಟ್ಟಿದ್ದರು. ಪಂದ್ಯ ಶುರುವಾಗುವುದು ಗ್ರೀನಿಚ್ಚಿನ ನಡುರಾತ್ರಿಗೆ. ಅಲ್ಲಿ ದಿನ ಬದಲಾಗುವುದೂ ನಮಗೆ ಬೆಳಕು ಹರಿಯುವುದೂ ಒಂದೇ ಹೊತ್ತು. ಆದ್ದರಿಂದ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಮೊದಲ ಕೋಳಿ ಕೂಗುವ ಹೊತ್ತಿಗೆ ಸ್ಪರ್ಧೆಗೆ ಕುಳಿತರು.

ನಾನು ಕಾಫಿ ಇಟ್ಟು ಬಂದರೂ ಕೋಣೆಯಿಂದ ಕದಲಲಾಗಲಿಲ್ಲ. ಹೆಡ್‌ಫೋನನ್ನು ಅವರು ಒಂದೇ ಕಿವಿಗೆ ಹಾಕಿಕೊಳ್ಳುತ್ತಿದ್ದರು. ಇನ್ನೊಂದರಿಂದ ಸಣ್ಣಗೆ ಸದ್ದು ಹೊರಗೆ ಬರುತ್ತಿತ್ತು. ಆಸ್ಟ್ರೇಲಿಯಾದವರು ಗಟ್ಟಿಯಾಗಿ ಕೇಳುತ್ತಿದ್ದರು. ಅವರ ಅಡಿಯಲ್ಲಿ, ಸೊಳ್ಳೆ ಗುಂಯ್‌ಗುಟ್ಟಿದಂತೆ, ಇನ್ನೊಬ್ಬ ನಮ್ಮನ್ನೇ ಕರೆಯುತ್ತಿದ್ದ. ಹೊಸ ದೇಶ, ಪೆಸಿಫಿಕ್ಕಿನ ಯಾವುದೋ ದ್ವೀಪ. ನಮ್ಮವರಿಗೆ ಕೇಳಿಸಲಿಲ್ಲ. ಅವರು ಆಸ್ಟ್ರೇಲಿಯಾದವನ ಸಂಖ್ಯೆ ಬರೆಯುವುದರಲ್ಲಿ ಮುಳುಗಿದ್ದರು. ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆದೆ.

"ಹೇಳ್ಬೇಡ ಕಣೇ!" ಎಂದು ಅವರು ಕೈ ಎತ್ತಿದರು. "ನೀನು ಹೇಳಿದ್ರೆ ಒಬ್ಬನೇ ಆಡ್ದೆ ಅಂತ ಬರೆಯೋಕ್ಕಾಗಲ್ಲ."

"ನಾನೇನೂ ಹೇಳ್ಲಿಲ್ವಲ್ಲ."

"ನಿನ್ನ ಮುಖ ಹೇಳ್ತಿದೆ. ಯಾರೋ ಇದ್ದಾನೆ ಅಲ್ವಾ? ಅದೂ ಸಹಾಯವೇ. ದಯವಿಟ್ಟು ಆಚೆ ಹೋಗು."

ನಾನು ಬಾವಿಕಟ್ಟೆಗೆ ಹೋಗಿ ಕುಳಿತೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. "ಜಗಳಾನಾ?" ಎಂದರು. "ಇಲ್ಲ, ನಿಯಮ," ಎಂದೆ. ದ್ವೀಪದವನು ಕರೆದು ಕರೆದು ಹೋಗಿರಬೇಕು. ನಮ್ಮವರ ಆಟ ನಿಧಾನವಾಗಿತ್ತು. ಇದ್ದದ್ದು ಒಂದೇ ಕ್ರಿಸ್ಟಲ್, ಅಂದರೆ ನಮ್ಮ ಟ್ರಾನ್ಸ್‌ಮಿಟರು ಒಂದೇ ಜಾಗದಲ್ಲಿ ಮಾತಾಡುತ್ತಿತ್ತು. ಬೇರೆಯವರು ಇರುವಲ್ಲಿಗೆ ಹೋಗುವ ಹಾಗಿಲ್ಲ. ಕರೆಯಬೇಕು, ಕೇಳಿಸಿಕೊಂಡವರು ಎಲ್ಲಿಂದ ಉತ್ತರಿಸುತ್ತಾರೆಂದು ರಿಸೀವರ್ ತಿರುಗಿಸಿ ಹುಡುಕಬೇಕು. ನಮ್ಮವರು ಯಾರಿಗೂ ಕೇಳಿಸಲಿಲ್ಲವೇನೋ ಎಂಬ ಅಂಜಿಕೆಯಿಂದ 'ಸಿಕ್ಯೂ, ಸಿಕ್ಯೂ' ಎಂದು, ಯಾರಾದರೂ ಇದ್ದೀರಾ ಎಂಬರ್ಥದ ಆ ಕರೆಯನ್ನು, ಮುಗಿಯದ ಹರಿಕಥೆಯಂತೆ ಎಳೆಯುತ್ತಿದ್ದರು. ಅವರು ಮುಗಿಸುವಷ್ಟರಲ್ಲಿ ಕೇಳುತ್ತಿದ್ದವನು ಬೇರೆ ಊರು ಸೇರಿರುತ್ತಿದ್ದ.

ಮಧ್ಯಾಹ್ನ ಯೂರೋಪು ಕೇಳತೊಡಗಿತು. ಇನ್ನು ಶುರು ಎನ್ನುವಾಗ ಬೆಟ್ಟದಿಂದ ಕೋತಿಗಳು ಇಳಿದವು. ದಿನವೂ ಬರುವ ಹಿಂಡೇ, ಆದರೆ ಅಂದು ಅದರ ಯಜಮಾನನ ಕಣ್ಣು ತಂತಿಯ ಮೇಲೆ ಬಿತ್ತು. ಎರಡು ಕೈಯಲ್ಲೂ ಜೋತುಬಿದ್ದು ಉಯ್ಯಾಲೆ ಆಡಿತು. ಅದರ ಹಿಂದೆ ಇನ್ನೆರಡು. "ಪೋವೇ, ಪೋವೇ!" ಎಂದು ಅತ್ತೆ ತೆಲುಗಿನಲ್ಲಿ ಅಟ್ಟುತ್ತ ಅವರೆಸಿಪ್ಪೆ ತೂರಿದರು. ಸಿಪ್ಪೆಗೆ ಹೆದರುವ ಕೋತಿ ಕೋಲಾರದಲ್ಲಿ ಹುಟ್ಟಿಲ್ಲ. ಹುಣಸೆಮರದ ಕಡೆಯ ಹಗ್ಗ ಕಿತ್ತು, ಏರಿಯಲ್ಲು ಸುರುಳಿಯಾಗಿ ಕೊತ್ತಂಬರಿ ಮಡಿಯ ಮೇಲೆ ಬಿತ್ತು. ಕೋಣೆಯೊಳಗಿಂದ "ಯೂರೋಪು ಹೋಯ್ತು!" ಎಂಬ ಕೂಗು ಕೇಳಿಸಿತು.

ನಮ್ಮವರು ಪಂಚೆ ಎತ್ತಿಕಟ್ಟಿ ಮರ ಹತ್ತಿದರು. ಹಗ್ಗ ಬಿಗಿದರು. ತಂತಿ ಮೇಲೇರಿ ಬಿಸಿಲಿಗೆ ಹೊಳೆಯಿತು. "ಸರಿಯಾಯ್ತಾ?" ಎಂದು ಮೇಲಿನಿಂದ ಕೇಳಿದರು. "ಸರಿಯಾಯ್ತು, ನಿಧಾನಕ್ಕೆ ಇಳೀರಿ," ಎಂದೆ. ಅವರಿಗೆ ನಿಧಾನ ಎಂಬ ಮಾತು ಹೆಣ್ಣು ನೋಡಿದ ದಿನವೂ ತಿಳಿದಿರಲಿಲ್ಲ. ಕೆಳಗಿನ ಕೊಂಬೆಯಿಂದ ಜಾರಿ, ಬಲಗೈ ಊರಿಕೊಂಡು ನೆಲಕ್ಕೆ ಬಿದ್ದರು.

ಪುತ್ತೂರು ಕಟ್ಟಿನ ವಿದ್ಯೆ ಬಲ್ಲ ಒಬ್ಬ ವೈದ್ಯರು ನಾಲ್ಕು ಬೀದಿ ಆಚೆಗಿದ್ದರು. ಬಂದು, ಮಣಿಕಟ್ಟು ಒತ್ತಿ ನೋಡಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದರು. "ಬಿರುಕು ಅಷ್ಟೇ ಮೇಷ್ಟ್ರೇ. ಆದ್ರೆ ಈ ಕೈಯಲ್ಲಿ ಏನೂ ಮಾಡೋ ಹಂಗಿಲ್ಲ."

"ಬೆರಳು ಆಡಿಸ್ಬಹುದಾ? ಒಂದೇ ಬೆರಳು?"

"ಏನೂ ಇಲ್ಲ."

ವೈದ್ಯರು ಹೋದ ಮೇಲೆ ನಮ್ಮವರು ಎಡಗೈಯಿಂದ ಮೋರ್ಸ್ ಬಡಿಯುವ ಕೀ ಒತ್ತಿ ನೋಡಿದರು. ಅದು ಯಾವ ಭಾಷೆಯೂ ಅಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಮುಖ ನೋಡಲಾಗುತ್ತಿರಲಿಲ್ಲ. ಏಳು ವರ್ಷ ಬಾಯಿ ಕಟ್ಟಿಸಿಕೊಂಡು ಕುಳಿತವರ ಮೊದಲ ಸ್ಪರ್ಧೆ ಅದು.

"ಆಯ್ತು. ಏರಿಯಲ್ ಸರಿಹೋಯ್ತು, ಕೈ ಹೋಯ್ತು. ಮುಂದಿನ ವರ್ಷ ನೋಡೋಣ."

ನಾನು ಬಾಗಿಲಲ್ಲಿ ನಿಂತಿದ್ದೆ. "ರೀ, ಇಬ್ಬರು ಅಂತ ಬರೆದ್ರೆ?"

"ಇಬ್ಬರ ವಿಭಾಗದಲ್ಲಿ ದೊಡ್ಡ ದೊಡ್ಡ ಕ್ಲಬ್ಬಿನೋರು ಇರ್ತಾರೆ ಕಣೇ. ನಾವು ಲೆಕ್ಕಕ್ಕೇ ಸಿಗಲ್ಲ."

ಅತ್ತೆ ಅವರೆಬುಟ್ಟಿ ಹಿಡಿದು ಒಳಗೆ ಬಂದರು. "ಇದೇನ್ ನಾಯನಾ? ಒಬ್ಬರ ಕೈ ಮುರಿದ್ರೆ ಇನ್ನೊಬ್ಬರದು ಇಲ್ವಾ? ಲೈಸೆನ್ಸ್ ಏನು ಉಪ್ಪಿನಕಾಯಿ ಹಾಕೋಕ್ ತಂದಿದ್ದಾ? ಕೂತ್ಕೋ ಅಮ್ಮಾಯಿ. ಅಡುಗೆ ನಾನು ನೋಡ್ಕೋತೀನಿ, ಕೋತೀನೂ ನಾನೇ ನೋಡ್ಕೋತೀನಿ."

ನಾನು ಕುಳಿತೆ. ಹೆಡ್‌ಫೋನ್ ಕಿವಿಗೆ ಹಾಕಿಕೊಂಡೆ.

ಬ್ಯಾಂಡು ತುಂಬಿದ ಸಂತೆಯಂತಿತ್ತು. ಮೊದಲು ಕೀ ಮುಟ್ಟದೆ ಸುಮ್ಮನೆ ಕೇಳಿಸಿಕೊಂಡೆ. ಮಾಲೂರಿನಲ್ಲಿ ಒಂದೇ ತಂತಿಯ ಮೇಲೆ ಅನೇಕ ಸ್ಟೇಷನ್ನುಗಳಿದ್ದವು. ತಂತಿ ಖಾಲಿ ಇದೆಯೇ ಎಂದು ನೋಡದೆ ಕೈ ಇಟ್ಟರೆ ಅಪ್ಪ ಬೈಯುತ್ತಿದ್ದರು. ನಮ್ಮ ಕ್ರಿಸ್ಟಲ್ಲಿನ ಜಾಗದಲ್ಲಿ ಯಾರೋ ಇಟಲಿಯವನು ಮಾತು ಮುಗಿಸುತ್ತಿದ್ದ. ಕಾದೆ. ಅವನು ಸರಿದ ಕೂಡಲೇ ಎರಡೇ ಸಲ ಸಿಕ್ಯೂ, ಎರಡು ಸಲ ಲೈಸೆನ್ಸಿನಲ್ಲಿ ಕೊಟ್ಟ ನಮ್ಮ ಕರೆಸಂಕೇತ, ಅಷ್ಟೇ ಕಳಿಸಿ ರಿಸೀವರ್ ತಿರುಗಿಸಿದೆ. ಕೂಡಲೇ ಮೂವರು ಒಟ್ಟಿಗೆ ಉತ್ತರಿಸಿದರು.

"ಅಷ್ಟು ಚಿಕ್ಕದಾಗಿ ಕರೆದ್ರೆ ಸಾಕಾ?" ನಮ್ಮವರು ಎದ್ದು ಕುಳಿತರು.

"ಸಾಕಾಯ್ತಲ್ಲ."

ಅಲ್ಲಿಂದ ಆಟ ಓಡಿತು. ಜೋರಾಗಿ ಕೇಳುವವನನ್ನು ಮೊದಲು ಮುಗಿಸುವುದು, ಆಗ ಅವನಡಿಯಲ್ಲಿದ್ದವನ ದನಿ ಬಿಡಿಸಿಕೊಳ್ಳುತ್ತದೆ. ಹೊಸಬ ನಿಧಾನವಾಗಿ ಬಡಿದರೆ ನಾವೂ ಅಷ್ಟೇ ನಿಧಾನ ಬಡಿಯುವುದು. ಅವಸರ ತೋರಿಸಿದರೆ ಮೂರು ಸಲ ಹೇಳಬೇಕಾಗುತ್ತದೆ. ಒಮ್ಮೆ ಹಂಗೆರಿಯವನ ಸಂಖ್ಯೆಯ ಕೊನೆಯ ಅಂಕೆ ಸಿಡಿಲಿನ ಸದ್ದಿನಲ್ಲಿ ಮುಚ್ಚಿಹೋಯಿತು.

"ಮೂರು ಇರ್ಬೇಕು, ಬರ್ಕೊಳ್ಳಿ," ಎಂದೆ.

"ಇರ್ಬೇಕು ಅನ್ನೋದನ್ನ ಬರೆಯೋ ಹಾಗಿಲ್ಲ. ಅವನನ್ನೇ ಕೇಳು."

ಕೇಳಿದೆ. ಅದು ಎಂಟಾಗಿತ್ತು.

ಅವರು ಇಲ್ಲದಿದ್ದರೆ ನಾನು ಮುಗ್ಗರಿಸುತ್ತಿದ್ದೆ. ಎಡಗೈಯಲ್ಲಿ ಕಾಗೆ ಕಾಲು, ಗುಬ್ಬಿ ಕಾಲು ಬರೆಯುತ್ತಿದ್ದರೂ, ಯಾರ ಜೊತೆ ಆಗಲೇ ಮಾತಾಡಿಯಾಗಿದೆ, ಯಾವ ದೇಶ ಇನ್ನೂ ಬಾಕಿ ಎಂಬುದೆಲ್ಲ ಅವರ ತಲೆಯಲ್ಲಿ ಇರುತ್ತಿತ್ತು. "ಇವನು ಆಗಿದ್ದಾನೆ, ಬಿಡು. ಆಫ್ರಿಕಾ ಇನ್ನು ಸ್ವಲ್ಪ ಹೊತ್ತಿಗೆ ಬರುತ್ತೆ, ಕೆಳಗಡೆ ಹುಡುಕು." ಟ್ರಾನ್ಸ್‌ಮಿಟರು ಬಿಸಿಯಾಗಿ ಸದ್ದು ಜಾರತೊಡಗಿದಾಗ, ಬೀಸಣಿಗೆ ಹಿಡಿದು ವಾಲ್ವಿಗೆ ಗಾಳಿ ಬೀಸಿದರು. ಗಂಡ ಬೀಸುವುದನ್ನು ನೋಡಿ ಬಾಗಿಲಲ್ಲಿ ಬಂದು ನಿಂತ ಪಕ್ಕದ ಮನೆಯಾಕೆ, ಹೆಂಡತಿಗೇ ಬೀಸುತ್ತಿದ್ದಾರೆಂದು ತಿಳಿದು, ಬೀದಿಗೆಲ್ಲ ಹೇಳಿದಳು.

ಅತ್ತ ಅತ್ತೆ ಹುಣಸೆಮರದ ಕೆಳಗೆ ಚಾಪೆ ಹಾಸಿ, ಪಕ್ಕದಲ್ಲಿ ಒಂದು ಖಾಲಿ ಸೀಮೆಎಣ್ಣೆ ಡಬ್ಬ ಇಟ್ಟುಕೊಂಡು ಕುಳಿತರು. ಕೋತಿ ಕಂಡರೆ ಡಬ್ಬಕ್ಕೆ ಒಂದು ಏಟು. ಭಾನುವಾರವೂ ಅಲ್ಲೇ ಕುಳಿತು ಹಿತಕಿದ ಬೇಳೆ ಮಾಡಿದರು. ಏರಿಯಲ್ಲಿಗೆ ಮತ್ತೆ ಒಂದು ಕೋತಿಯೂ ಕೈ ಹಾಕಲಿಲ್ಲ.

ಭಾನುವಾರ ಬೆಳಗ್ಗೆ ಒಂದು ತಮಾಷೆಯಾಯಿತು. ನಮ್ಮವರು ಮುಖ ತೊಳೆಯಲು ಹೋಗಿದ್ದಾಗ ಒಬ್ಬ ಆಸ್ಟ್ರೇಲಿಯಾದವನನ್ನು ನಾನು ಕರೆದೆ. ಅವನು ನಯವಾಗಿ, ನಿನ್ನೆಯೇ ಮಾತಾಡಿದ್ದೇವೆ ಎಂದ. ತಪ್ಪಾಯಿತು, ಕ್ಷಮಿಸಿ ಎಂದೆ. ಅವನು ಬಿಡಲಿಲ್ಲ. 'ಕೈ ಬೇರೆ ಇದ್ದಂತಿದೆ?' ಎಂದು ಕೇಳಿದ. ಮೋರ್ಸ್ ಬಡಿಯುವ ರೀತಿಯಲ್ಲಿ ಒಬ್ಬೊಬ್ಬರದೂ ಒಂದೊಂದು ಚಹರೆ, ಬರವಣಿಗೆಯಂತೆ. ಹೌದು, ನಾನು ಅವರ ಹೆಂಡತಿ ಎಂದೆ. ಆಮೇಲೆ ಅವನು 'ಎಂಬತ್ತೆಂಟು' ಎಂದು ಕಳಿಸಿ ಹೊರಟುಹೋದ.

ಹವ್ಯಾಸಿಗಳಲ್ಲಿ ಎಪ್ಪತ್ತಮೂರು ಎಂದರೆ ನಮಸ್ಕಾರ. ಎಂಬತ್ತೆಂಟು ಎಂದರೆ ಪ್ರೀತಿ, ಮುತ್ತು ಇತ್ಯಾದಿ. ಹೆಂಗಸರಿಗೆ ಸಲಿಗೆಯಿಂದ ಕಳಿಸುವುದು.

ನಮ್ಮವರು ಒಳಗೆ ಬರುತ್ತ, "ಏನಂದ ಅವನು?" ಎಂದರು.

"ಎಂಬತ್ತೆಂಟು."

ಅವರು ಟವಲ್ ಹಿಡಿದು ನಿಂತುಬಿಟ್ಟರು. "ಇಷ್ಟು ವರ್ಷದಲ್ಲಿ ನಂಗೆ ಒಬ್ಬರೂ ಕೊಟ್ಟಿಲ್ಲ."

ಬಾಗಿಲಲ್ಲಿದ್ದ ಅತ್ತೆ, "ಹಂಗಂದ್ರೇನು?" ಎಂದರು. ನಾವಿಬ್ಬರೂ ಒಂದೇ ಉಸಿರಿಗೆ, "ನಮಸ್ಕಾರ ಅಂತ," ಎಂದೆವು. ಅದರ ಫಲ ಮುಂದಿನ ವಾರ ಉಣ್ಣಬೇಕಾಯಿತು. ತಾಯಲೂರಿನಿಂದ ಬಂದ ಅತ್ತೆಯ ಅಣ್ಣ, ಬಿಳಿ ಮೀಸೆಯ ಗಂಭೀರ ಮನುಷ್ಯ, ಜಗುಲಿ ಹತ್ತುತ್ತಿದ್ದ ಹಾಗೇ ಅತ್ತೆ ಕೈಮುಗಿದು, "ಎಂಬತ್ತೆಂಟು ಅನ್ನಾ!" ಎಂದರು. ನಮ್ಮವರು ಹಿತ್ತಲಿಗೆ ಓಡಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಸ್ಪರ್ಧೆ ಮುಗಿದ ಮೇಲೆ ಲಾಗ್ ಶುದ್ಧಪ್ರತಿ ಮಾಡುವ ಕೆಲಸ. ಮಾತುಕತೆಗಳನ್ನೆಲ್ಲ ಗ್ರೀನಿಚ್ ವೇಳೆಯೊಂದಿಗೆ ಸಾಲಾಗಿ ಬರೆಯಬೇಕು. ಶನಿವಾರ ಮಧ್ಯಾಹ್ನದವರೆಗೆ ಒಬ್ಬರು, ಆಮೇಲೆ ಇಬ್ಬರು ಎಂದು ನಮೂದಿಸಿ, ಕೊನೆಯಲ್ಲಿ ನಿಯಮ ಪಾಲಿಸಿದ್ದೇವೆಂದು ಇಬ್ಬರೂ ರುಜು ಹಾಕಿದೆವು. ಬಲಗೈ ಇಲ್ಲದ ಅವರ ರುಜು ಮುದುಕನ ರುಜುವಿನಂತೆ ಬಂತು. ಹಡಗಿನ ಟಪಾಲಿನಲ್ಲಿ ಕಳಿಸಿ ಮರೆತೆವು.

ಮಾವು ಹೂಬಿಟ್ಟು, ಕಾಯಿಕಟ್ಟಿ, ಶ್ರೀನಿವಾಸಪುರದ ಕಡೆಯಿಂದ ಹಣ್ಣಿನ ಗಾಡಿಗಳು ಬರತೊಡಗಿದಾಗ ಫಲಿತಾಂಶ ಅಚ್ಚಾದ ಪತ್ರಿಕೆ ಬಂತು. ನಮ್ಮವರು ಒಬ್ಬರ ವಿಭಾಗದಲ್ಲಿ ನಮ್ಮ ದೇಶದ ಪಟ್ಟಿ ನೋಡಿ, ಅಲ್ಲಿದ್ದವರ ಅಂಕಗಳಿಗೆ ತಲೆದೂಗಿದರು. ಆಮೇಲೆ ಪುಟ ತಿರುಗಿಸಿ ಇಬ್ಬರ ವಿಭಾಗಕ್ಕೆ ಬಂದರು. ನಮ್ಮ ದೇಶದಲ್ಲಿ ಮೊದಲ ಸ್ಥಾನ, ನಮ್ಮದು!

ನಾನು ಚಪ್ಪಾಳೆ ತಟ್ಟಿದೆ. ಅವರು ಮಾತ್ರ ಪುಟವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಎರಡನೇ ಸ್ಥಾನ ಯಾರದು ಅಂತ ಹುಡುಕ್ತಿದ್ದೀನಿ."

"ಯಾರದು?"

"ಯಾರೂ ಇಲ್ಲ ಕಣೇ. ಆ ವಿಭಾಗಕ್ಕೆ ಇಡೀ ದೇಶದಿಂದ ನಾವೊಬ್ಬರೇ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅತ್ತೆಗೆ ನಮ್ಮ ನಗೆ ಅರ್ಥವಾಗಲಿಲ್ಲ. "ಮೊದಲು ಬಂದೋರು ಮೊದಲೇ. ಬೇರೆಯೋರು ಬರ್ಲಿಲ್ಲ ಅಂದ್ರೆ ಹೆದರ್ಕೊಂಡಿರ್ತಾರೆ," ಎಂದು ಬೀದಿಗೆಲ್ಲ ರಸಾಯನ ಹಂಚಿದರು. ಸರ್ಟಿಫಿಕೇಟೂ ಬಂತು. ಅದರಲ್ಲಿ ನಮ್ಮಿಬ್ಬರ ಹೆಸರಿನ ಹಿಂದೆಯೂ 'ಮಿಸ್ಟರ್' ಎಂದು ಚಂದದ ಅಕ್ಷರದಲ್ಲಿ ಬರೆದಿದ್ದರು. ತಿದ್ದಿಸಿ ಕಳಿಸಿ ಎಂದು ಪತ್ರ ಬರೆಯೋಣವೆಂದರು ನಮ್ಮವರು. ನಾನು ಬೇಡವೆಂದೆ. ಅದು ಹಾಗೇ ಗೋಡೆಯ ಮೇಲೆ ತೂಗಿತು.

ಮುಂದಿನ ವರ್ಷ ಅವರೇ ಹೇಳಿದರು: "ಈ ಸಲ ನೀನೊಬ್ಬಳೇ ಆಡು. ನಿನ್ನದೇ ಕರೆಸಂಕೇತದಲ್ಲಿ."

"ನೀವು?"

"ನಾನು ಬಾವಿಕಟ್ಟೇಲಿ ಕೂತ್ಕೋತೀನಿ. ನನ್ನ ಮುಖ ನೋಡ್ಬಾರದು ನೀನು."

ಹಾಗೇ ಆಯಿತು. ಬೆಳಕು ಹರಿಯುತ್ತಿದ್ದಂತೆ ನಾನು ಕೀ ಮುಂದೆ ಕುಳಿತೆ. ಮೊದಲ ಕರೆಗೇ ನ್ಯೂಜಿಲೆಂಡಿನವನೊಬ್ಬ ಬಂದ. ಅವನ ಸಂಖ್ಯೆ ಬರೆದುಕೊಳ್ಳುತ್ತಿದ್ದಾಗ ಅಡುಗೆಮನೆಯಲ್ಲಿ ಅಮ್ಮಮಗನ ವಾದ ಕೇಳಿಸಿತು. ಉಪ್ಪಿಟ್ಟಿಗೆ ನೀರು ಮೊದಲೋ ರವೆ ಮೊದಲೋ ಎಂದು, ಬಾವಿಕಟ್ಟೆಯಿಂದ ಎದ್ದು ಬಂದ ನಮ್ಮವರು ಕೇಳುತ್ತಿದ್ದರು. "ಸೈನ್ಸ್ ಮೇಷ್ಟ್ರಲ್ವಾ, ನೀನೇ ಹೇಳು ನಾಯನಾ," ಎನ್ನುತ್ತಿದ್ದರು ಅತ್ತೆ. ನಾನು ಹೆಡ್‌ಫೋನನ್ನು ಎರಡೂ ಕಿವಿಗೆ ಒತ್ತಿಕೊಂಡು, ಮುಂದಿನವನನ್ನು ಕರೆದೆ.